ಕಾಲೇಜು ಕಟ್ಟಡಕ್ಕೆ ಸರ್ಕಾರಿ ದುಡ್ಡು: ಗುದ್ದಲಿ ಪೂಜೆಗೆ ಮೊದಲು ನೋಡಬೇಕಾದ ಕಾಗದಗಳು

ಹೊಸದಾಗಿ ಪ್ರಾಂಶುಪಾಲರಾದವರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ ಇರುತ್ತದೆ: "ಮೇಡಂ, ಕಟ್ಟಡಕ್ಕೆ ದುಡ್ಡು ಬಂದಿದೆ, ಕೆಲಸ ಯಾವಾಗ ಶುರು ಮಾಡೋಣ?" ನನ್ನ ಉತ್ತರವೂ ಒಂದೇ. ಮಂಜೂರಾತಿ ಆದೇಶದ ಪ್ರತಿ ನಿಮ್ಮ ಕೈಯಲ್ಲಿದೆಯೇ? ಇದ್ದರೆ ಕೊನೆಯ ಷರತ್ತಿನವರೆಗೆ ಓದಿ, ಆಮೇಲೆ ಮಾತಾಡೋಣ. ಇಲ್ಲದಿದ್ದರೆ ದುಡ್ಡು ಬಂದಿಲ್ಲ, ಸುದ್ದಿ ಮಾತ್ರ ಬಂದಿದೆ.

ನಾನು ಲೋಕೋಪಯೋಗಿ ಇಲಾಖೆಯ ವಿಭಾಗ ಕಚೇರಿಗಳಲ್ಲಿ, ಬಹುಪಾಲು ರಾಯಚೂರು, ಕೊಪ್ಪಳದ ಕಡೆ, ಲೆಕ್ಕ ಅಧೀಕ್ಷಕಿಯಾಗಿದ್ದು ನಿವೃತ್ತಳಾದವಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಎಷ್ಟೋ ಕಟ್ಟಡಗಳ ಬಿಲ್ಲುಗಳು ನನ್ನ ಮೇಜಿನ ಮೇಲಿಂದ ದಾಟಿ ಹೋಗಿವೆ. ನಾನು ಕಂಡ ಮಟ್ಟಿಗೆ, ಕಟ್ಟಡ ಅರ್ಧಕ್ಕೆ ನಿಲ್ಲುವುದು ಸಿಮೆಂಟು ಸಾಲದೆ ಅಲ್ಲ, ದುಡ್ಡಿಗೆ ಕಾನೂನು ಹಾಕಿದ ಗೆರೆಯನ್ನು ಯಾರೋ ದಾಟಿದ್ದಕ್ಕೆ. ಆಕ್ಷೇಪಣೆ ಬಂದು, ಕಡತ ಬೆಂಗಳೂರಿಗೆ ಹೋಗಿ ಕೂತರೆ, ಲಿಂಟಲ್ ಮಟ್ಟದ ಗೋಡೆ ಮಳೆಯಲ್ಲಿ ನೆನೆಯುತ್ತಾ ನಿಲ್ಲುತ್ತದೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತ ಹುಡುಗಿಯರು ಅಷ್ಟರಲ್ಲಿ ಡಿಗ್ರಿ ಮುಗಿಸಿ ಹೋಗಿರುತ್ತಾರೆ. ಅವರಿಗೆ ಆಗುವ ಈ ಅನ್ಯಾಯ ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದುಡ್ಡು ಯಾರದು, ಯಾವುದಕ್ಕೆ

ಸಂವಿಧಾನದ 266(3)ನೇ ವಿಧಿಯ ಪ್ರಕಾರ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಆದಾಯವೆಲ್ಲ ಸೇರುವ ನಿಧಿಯಿಂದ, ಒಂದು ರೂಪಾಯಿ ತೆಗೆಯಬೇಕಾದರೂ ಕಾನೂನಿನ ಒಪ್ಪಿಗೆ ಇರಬೇಕು. ಆ ಒಪ್ಪಿಗೆಯನ್ನು ಶಾಸನಸಭೆ ಧನವಿನಿಯೋಗ ಮಸೂದೆಯ ಮೂಲಕ ಕೊಡುತ್ತದೆ, ಅದೂ ಲೆಕ್ಕ ಶೀರ್ಷಿಕೆಗಳ ಲೆಕ್ಕದಲ್ಲಿ. ಹಾಗಾಗಿ ಆದೇಶದಲ್ಲಿ ನೀವು ಮೊದಲು ಹುಡುಕಬೇಕಾದದ್ದು ಲೆಕ್ಕ ಶೀರ್ಷಿಕೆಯನ್ನು, ಮೊತ್ತವನ್ನಲ್ಲ. 4202 ಎಂದಿದ್ದರೆ ಶಿಕ್ಷಣದ ಬಂಡವಾಳ ವೆಚ್ಚ. 4202-01-203 ಎಂದರೆ ಅದರೊಳಗೆ ವಿಶ್ವವಿದ್ಯಾಲಯ ಮತ್ತು ಉನ್ನತ ಶಿಕ್ಷಣ. ಹೊಸ ಕಟ್ಟಡ ಇಲ್ಲಿಂದ ಬರಬೇಕು. 2202 ಸಾಮಾನ್ಯ ಶಿಕ್ಷಣದ ರಾಜಸ್ವ ವೆಚ್ಚ. ಸಂಬಳ, ಸಾದಿಲ್ವಾರು (ಕಚೇರಿಯ ಚಿಲ್ಲರೆ ಖರ್ಚು), ದಿನನಿತ್ಯದ ಖರ್ಚು ಅದರಲ್ಲಿ. ಸಾದಿಲ್ವಾರು ದುಡ್ಡಿನಲ್ಲಿ ಕೋಣೆ ಕಟ್ಟುವ ಹಾಗಿಲ್ಲ. ಕೋಣೆ ಕಟ್ಟಲು ಬಂದ ದುಡ್ಡಿನಲ್ಲಿ ಬೆಂಚು ತರಬೇಕಾದರೆ ಅಂದಾಜುಪಟ್ಟಿಯಲ್ಲಿ ಬೆಂಚು ಇರಲೇಬೇಕು.

ಒಂದೊಂದು ಮೂಲಕ್ಕೆ ಒಂದೊಂದು ಷರತ್ತು. ನಬಾರ್ಡಿನ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ 1995-96ರಿಂದ ಇದೆ. ಅದು ರಾಜ್ಯ ಸರ್ಕಾರ ಮಾಡುವ ಸಾಲ, ದಾನವಲ್ಲ. ಮಂಜೂರಾದ ಯೋಜನೆಯಲ್ಲಿ ಆರು ತರಗತಿ ಕೋಣೆ ಎಂದಿದ್ದರೆ ಆರು ಕೋಣೆಯನ್ನೇ ಕಟ್ಟಬೇಕು. "ಉಳಿದ ದುಡ್ಡಿನಲ್ಲಿ ಕಾಂಪೌಂಡು ಮಾಡಿಬಿಡೋಣ" ಎನ್ನುವುದು ಬಹಳ ಕೇಳುವ ಮಾತು. ಉಳಿತಾಯ ನಿಮ್ಮದಲ್ಲ. ಬೇರೆ ಕೆಲಸಕ್ಕೆ ಬಳಸಬೇಕಾದರೆ ಮಂಜೂರು ಮಾಡಿದವರ ಲಿಖಿತ ಒಪ್ಪಿಗೆ ಮೊದಲು ಬರಬೇಕು. ಕೆಲಸ ಮುಗಿಸಿ ಘಟನೋತ್ತರ ಅನುಮೋದನೆ ಕೇಳುವ ಚಾಳಿ ಬೇಡ.

ನಮ್ಮ ಕಡೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವೂ ಕಾಲೇಜುಗಳಿಗೆ ಬರುತ್ತದೆ. ಅದರ ಬೇರು 371(ಜೆ) ವಿಧಿಯಲ್ಲಿದೆ, ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಹಿಂದುಳಿದಿರುವಿಕೆ ತುಂಬಲು ಕೊಟ್ಟ ಹಣ ಅದು. ಇಲಾಖೆ ತನ್ನ ಬಜೆಟ್ಟಿನಿಂದ ಹೇಗೂ ಕೊಡಬೇಕಾಗಿದ್ದ ಕಟ್ಟಡಕ್ಕೆ ಮಂಡಳಿಯ ದುಡ್ಡು ಹಾಕಿ ಇಲಾಖೆಯ ಪಾಲನ್ನು ಬೇರೆ ಕಡೆ ಸಾಗಿಸಿದರೆ ಆ ವಿಧಿಯ ಉದ್ದೇಶವೇ ಸೋತಂತೆ. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ: ಕಾಲೇಜು ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ಪ್ರಾಂಶುಪಾಲರು ಇದನ್ನು ಕೇಳಬೇಕು, ಕೇಳಿದ್ದು ನಡಾವಳಿಯಲ್ಲಿ ದಾಖಲಾಗಬೇಕು.

ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆಯ ಹಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಈ ಉಪಯೋಜನೆಗಳಿಗೆಂದೇ ರಾಜ್ಯ ಮಾಡಿದ 2013ರ ಕಾಯ್ದೆಯ 7(ಡಿ) ಕಲಂ ಹಿಡಿದು, ಎಲ್ಲರಿಗೂ ಸೇರಿದ ಕಾಮಗಾರಿಯ ಒಂದು ಪಾಲನ್ನು ಈ ಸಮುದಾಯಗಳಿಗೇ ಖರ್ಚಾಯಿತೆಂದು ಲೆಕ್ಕ ತೋರಿಸುವ ರೂಢಿ ಇತ್ತು. ಬಹುಕಾಲದ ಹೋರಾಟದ ನಂತರ ಆ ಕಲಂ ತೆಗೆದರು. ಹಳೆಯ ಕಡತ ನೋಡಿಕೊಂಡು ಹಳೆಯ ಮಾದರಿಯಲ್ಲೇ ಪ್ರಸ್ತಾವ ಬರೆಯಬೇಡಿ.

ಕೇಂದ್ರದ ರೂಸಾ (ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನ) ಯೋಜನೆ 2013ರಲ್ಲಿ ಶುರುವಾದಾಗ ಕಾಲೇಜಿನ ಮೂಲಸೌಕರ್ಯಕ್ಕೆ 2 ಕೋಟಿ ಕೊಡುತ್ತಿದ್ದರು. ನಮ್ಮಂಥ ರಾಜ್ಯಗಳಲ್ಲಿ ಮೊದಲು ಕೇಂದ್ರ 65, ರಾಜ್ಯ 35ರ ಪಾಲು, ಆಮೇಲೆ ಕೇಂದ್ರ 60, ರಾಜ್ಯ 40. ಆ 2 ಕೋಟಿಯನ್ನು ಮನಸ್ಸಿಗೆ ಬಂದಂತೆ ಹಂಚುವ ಹಾಗಿರಲಿಲ್ಲ. ಹೊಸ ನಿರ್ಮಾಣಕ್ಕೆ ಶೇ 35, ನವೀಕರಣಕ್ಕೆ ಶೇ 35, ಉಪಕರಣಕ್ಕೆ ಶೇ 30. ಅಂದರೆ ಹೊಸ ಕೋಣೆಗೆ 70 ಲಕ್ಷ ಮಾತ್ರ. 70 ಲಕ್ಷದ ಕಟ್ಟಡವನ್ನು 90ಕ್ಕೆ ಏರಿಸಿ, ಪ್ರಯೋಗಾಲಯದ ಸಾಮಾನಿನ ದುಡ್ಡಿನಿಂದ ತುಂಬಿಸಿದರೆ ಲೆಕ್ಕಪರಿಶೋಧಕರು ಬಿಡುವುದಿಲ್ಲ. ಈಗಿನ ಪಿಎಂ-ಉಷಾ ಅದೇ ದಾರಿಯಲ್ಲಿ ಬಂದ ಯೋಜನೆ. ಅದರ ಮಾರ್ಗಸೂಚಿಯಲ್ಲೂ ಘಟಕವಾರು ಹಂಚಿಕೆಯನ್ನೇ ಮೊದಲು ನೋಡಿ.

ಇನ್ನು ವಿದ್ಯಾರ್ಥಿಗಳ ಶುಲ್ಕ. ಕ್ರೀಡೆ, ವಾಚನಾಲಯ, ವಿದ್ಯಾರ್ಥಿ ಕ್ಷೇಮನಿಧಿ ಎಂದು ರಸೀದಿ ಹರಿದು ಪಡೆದ ದುಡ್ಡು ಆಯಾ ಬಾಬ್ತಿಗೇ ಸೇರಿದ್ದು. ಕೂಲಿ ಮಾಡುವ ತಂದೆ ತಾಯಿ ಕೊಟ್ಟ ಆ ಹಣದಲ್ಲಿ ಪ್ರಾಂಶುಪಾಲರ ಕೊಠಡಿಗೆ ಟೈಲ್ಸ್ ಹಾಕಿದ್ದನ್ನು ನಾನು ನೋಡಿದ್ದೇನೆ. ನೋಡಿದಾಗ ಆದ ಸಂಕಟ ಈಗಲೂ ಹೋಗಿಲ್ಲ. "ಸಮಿತಿ ಠರಾವು ಮಾಡಿದೆ" ಎಂಬುದು ಸಮಜಾಯಿಷಿ ಆಗುವುದಿಲ್ಲ. ಅಧ್ಯಕ್ಷರು ಶಾಸಕರೇ ಆಗಿದ್ದರೂ ಅಭಿವೃದ್ಧಿ ಸಮಿತಿಯ ಠರಾವು ಶುಲ್ಕದ ಉದ್ದೇಶವನ್ನು ಬದಲಿಸಲಾರದು, ಸರ್ಕಾರದ ಆಡಳಿತಾತ್ಮಕ ಅನುಮೋದನೆಯ ಜಾಗದಲ್ಲಿ ಕೂರಲೂ ಆರದು.

ಜಾಗ ಮತ್ತು ಮಣ್ಣು

ಪರರ ಜಾಗದಲ್ಲಿ ಸರ್ಕಾರಿ ದುಡ್ಡು ಹಾಕುವಂತಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೂ ಅತಿ ಹೆಚ್ಚು ತಕರಾರು ಇಲ್ಲೇ. ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಇಲಾಖೆಯ ಅಥವಾ ಕಾಲೇಜಿನ ಹೆಸರಿರಬೇಕು. 11ನೇ ಕಾಲಂನಲ್ಲಿ ಋಣ, ತಕರಾರು, ನ್ಯಾಯಾಲಯದ ತಡೆಯಾಜ್ಞೆ ಏನಾದರೂ ಇದೆಯೇ ನೋಡಿ. ಬಿ-ಖರಾಬು ಎಂದು ತೋರಿಸಿದ ಗುಂಟೆಗಳು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಬಳಕೆಯವು. ನಕ್ಷೆಯಲ್ಲಿ ಆ ಗುಂಟೆಗಳ ಮೇಲೆ ಕಟ್ಟಡ ಕೂರಿಸಬೇಡಿ. ಭೂಮಾಪಕರಿಂದ ಹದ್ದುಬಸ್ತು ಮಾಡಿಸಿ, ಕಲ್ಲು ನೆಡಿಸಿ.

ಊರಿನ ಹಿರಿಯರೊಬ್ಬರು "ನಾಲ್ಕು ಎಕರೆ ಕಾಲೇಜಿಗೆ ಬರೆದುಕೊಟ್ಟೀನಿ" ಎಂದು ಸಭೆಯಲ್ಲಿ ಹೇಳಿ ಹಾರ ಹಾಕಿಸಿಕೊಂಡು ಹೋಗಿರುತ್ತಾರೆ. ಅವರ ಮನಸ್ಸು ದೊಡ್ಡದು, ಸಂಶಯವಿಲ್ಲ. ಆದರೆ ಸ್ಥಿರಾಸ್ತಿಯ ದಾನಪತ್ರ ನೋಂದಣಿಯಾಗದೆ ಊರ್ಜಿತವಾಗುವುದಿಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳು ಕೋರ್ಟಿಗೆ ಹೋದರೆ ಅರ್ಧ ಕಟ್ಟಿದ ಕಟ್ಟಡ ಯಾರದು ಎಂಬ ಪ್ರಶ್ನೆ ಬರುತ್ತದೆ. ಅವರು ಬದುಕಿರುವಾಗಲೇ ಉಪನೋಂದಣಿ ಕಚೇರಿಗೆ ಗೌರವದಿಂದ ಕರೆದುಕೊಂಡು ಹೋಗಿ ಪತ್ರ ನೋಂದಣಿ ಮಾಡಿಸಿ, ಮ್ಯುಟೇಶನ್ ಆದ ಮೇಲೆ ಪ್ರಸ್ತಾವ ಕಳಿಸಿ.

ಮಣ್ಣಿನ ಪರೀಕ್ಷೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಅದು ಎಂಜಿನಿಯರ ವಿಷಯ ಅನಿಸಿದರೂ ಕೊನೆಗೆ ಲೆಕ್ಕದ ವಿಷಯವೇ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗೆ ಉಬ್ಬುತ್ತದೆ. ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ಮಾಡಿದ ಅಂದಾಜುಪಟ್ಟಿಯನ್ನು ಎರೆಗೆ ನಕಲು ಮಾಡಿ ಮಂಜೂರಾತಿ ತೆಗೆದುಕೊಂಡರೆ, ತಳಪಾಯ ತೋಡಿದ ದಿನವೇ ದುಡ್ಡು ಸಾಲದು ಎಂದು ಗೊತ್ತಾಗುತ್ತದೆ. ಆಮೇಲೆ ಹೆಚ್ಚುವರಿ ಐಟಂ, ಪರಿಷ್ಕೃತ ಅಂದಾಜು, ಮತ್ತೆ ಅನುಮೋದನೆ. ಮಂಜೂರಾದ ಮೊತ್ತದ ಮೇಲೆ ಹೋಗಲು ವಿಭಾಗ ಕಚೇರಿಗಿರುವ ಅವಕಾಶ ಬಹಳ ಕಿರಿದು. ಮಣ್ಣಿನ ವರದಿಯನ್ನು ಅಂದಾಜುಪಟ್ಟಿಯ ಜೊತೆಗೇ ಲಗತ್ತಿಸಿ ಎಂದು ಹಟ ಹಿಡಿಯಿರಿ.

ಇಳಿಜಾರು ದಾರಿಯೂ ಅಂದಾಜಿನಲ್ಲೇ ಇರಬೇಕು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 44ನೇ ಕಲಂ ಪ್ರಕಾರ ಸುಗಮ ಪ್ರವೇಶದ ನಿಯಮ ಪಾಲಿಸದ ನಕ್ಷೆಗೆ ಅನುಮತಿಯನ್ನೇ ಕೊಡುವಂತಿಲ್ಲ. 1:12 ಲೆಕ್ಕದಲ್ಲಿ ಎರಡೂವರೆ ಅಡಿ ಎತ್ತರದ ಜಗಲಿಗೆ 30 ಅಡಿ ಉದ್ದದ ರ್‍ಯಾಂಪ್ ಬೇಕು. ಜಾಗ ಬಿಡದೆ ನಕ್ಷೆ ಮಾಡಿ, ಕೊನೆಗೆ ಕಡಿದಾದ ಸಿಮೆಂಟಿನ ಇಳಿಜಾರು ಹಾಕಿದರೆ ಗಾಲಿಕುರ್ಚಿಯ ಹುಡುಗನನ್ನು ಗೆಳೆಯರು ಎತ್ತಿಕೊಂಡೇ ಹೋಗಬೇಕಾಗುತ್ತದೆ.

ಅನುಮೋದನೆಗಳ ಸಾಲು

ಆಡಳಿತಾತ್ಮಕ ಅನುಮೋದನೆ ಎಂದರೆ ಈ ಕಟ್ಟಡ ಬೇಕು, ಇಷ್ಟರೊಳಗೆ ಬೇಕು ಎಂದು ಇಲಾಖೆ ಒಪ್ಪಿದ್ದು. ತಾಂತ್ರಿಕ ಮಂಜೂರಾತಿ ಎಂದರೆ ವಿನ್ಯಾಸ ಸರಿಯಿದೆ, ದರಪಟ್ಟಿಯ ಪ್ರಕಾರ ಅಂದಾಜು ಸರಿಯಿದೆ ಎಂದು ಅಧಿಕಾರವುಳ್ಳ ಎಂಜಿನಿಯರು ಒಪ್ಪಿದ್ದು. ಇವೆರಡೂ ಇದ್ದರೂ ಆ ವರ್ಷದ ಅನುದಾನ ಒದಗಿರಬೇಕು. ಆಮೇಲೆ ಟೆಂಡರು, ಕರಾರು, ಕಾರ್ಯಾದೇಶ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017ರ 136ನೇ ನಿಯಮ ಇದನ್ನೇ ಹೇಳುತ್ತದೆ: ಇವೆಲ್ಲ ಆಗದೆ ಕೆಲಸ ಆರಂಭಿಸಬಾರದು, ಹೊಣೆಯನ್ನೂ ಹೊರಬಾರದು. ನಮ್ಮ ರಾಜ್ಯದ ಲೋಕೋಪಯೋಗಿ ಸಂಹಿತೆಯ ದಾರಿಯೂ ಇದೇ.

ಕಾರ್ಯಾದೇಶಕ್ಕೆ ಮುಂಚೆ ಗುದ್ದಲಿ ಪೂಜೆ ಆಗಿಬಿಟ್ಟರೆ ಗುತ್ತಿಗೆದಾರ ಇಂಥವರೇ ಎಂದು ಊರಲ್ಲಿ ನಿರ್ಧಾರವಾಗಿರುತ್ತದೆ, ಟೆಂಡರು ಬರೀ ಶಾಸ್ತ್ರಕ್ಕೆ ಉಳಿಯುತ್ತದೆ. ಪ್ರಾಂಶುಪಾಲರು ಶಾಸಕರಿಗೆ ಎದುರು ಮಾತಾಡುವುದು ಕಷ್ಟ, ನನಗೆ ಗೊತ್ತು. "ಸರ್, ಕಾರ್ಯಾದೇಶ ಬಂದ ಮೇಲೆ ನಿಮ್ಮ ಕೈಯಿಂದಲೇ ಪೂಜೆ ಮಾಡಿಸುತ್ತೇವೆ" ಎಂದು ಹೇಳಿ ನೋಡಿ. ಬಹಳ ಜನ ಒಪ್ಪುತ್ತಾರೆ. ಚುನಾವಣೆ ಹತ್ತಿರವಿದ್ದರೆ ಇನ್ನೊಂದು ಗೆರೆ ಇದೆ. ನೀತಿಸಂಹಿತೆ ಜಾರಿಯಾದ ದಿನ ಸ್ಥಳದಲ್ಲಿ ಕೆಲಸ ಶುರುವಾಗಿರದಿದ್ದರೆ, ಕಾರ್ಯಾದೇಶ ಕೈಯಲ್ಲಿದ್ದರೂ ಶುರು ಮಾಡುವಂತಿಲ್ಲ.

ಟೆಂಡರು ತಪ್ಪಿಸುವ ದಾರಿಗಳು

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999. ಎಲ್ಲರೂ ಕೆಟಿಪಿಪಿ ಎನ್ನುತ್ತಾರೆ. ಸಣ್ಣ ಕಾಮಗಾರಿಗಳಿಗೆ 4(ಇ) ಕಲಂನಲ್ಲಿ ಟೆಂಡರಿನಿಂದ ವಿನಾಯಿತಿ ಇದೆ, 5 ಲಕ್ಷದವರೆಗೆ. ಈ ವಿನಾಯಿತಿಯೇ ತುಂಡು ಗುತ್ತಿಗೆಯ ಬಾಗಿಲು. 20 ಲಕ್ಷದ ಶೌಚಾಲಯ ಸಂಕೀರ್ಣವನ್ನು ‘ತಳಪಾಯ’, ‘ಗೋಡೆ’, ‘ಛಾವಣಿ’, ‘ನೀರಿನ ಪೈಪು’ ಎಂದು ಕತ್ತರಿಸಿ ಒಂದೊಂದಕ್ಕೂ 4 ಲಕ್ಷ 95 ಸಾವಿರ ಎಂದು ಬರೆದ ಕಡತಗಳು ಬರುತ್ತವೆ. ಕಟ್ಟಡ ಒಂದೇ, ಜಾಗ ಒಂದೇ, ವರ್ಷ ಒಂದೇ. ಹಾಗಾದರೆ ಕಾಮಗಾರಿಯೂ ಒಂದೇ. ಟೆಂಡರು ತಪ್ಪಿಸಲು ಅಥವಾ ಮೇಲಧಿಕಾರಿಯ ಮಂಜೂರಾತಿ ತಪ್ಪಿಸಲು ಕೆಲಸ ತುಂಡರಿಸಿದ್ದು ಅಕ್ರಮ. ಅಂಥ ಕಡತಕ್ಕೆ ನೀವು ಸಹಿ ಹಾಕಿದರೆ ಎಂಜಿನಿಯರ ಜೊತೆಗೆ ನೀವೂ ಉತ್ತರ ಕೊಡಬೇಕಾಗುತ್ತದೆ.

4(ಜಿ) ಎಂಬ ಮಾತೂ ಕಿವಿಗೆ ಬೀಳುತ್ತದೆ. ನಿರ್ದಿಷ್ಟ ಸಂಗ್ರಹಣೆಗೆ ಸರ್ಕಾರವೇ ಅಧಿಸೂಚನೆ ಹೊರಡಿಸಿ ಕೊಡುವ ವಿನಾಯಿತಿ ಅದು. ಜಿಲ್ಲಾಧಿಕಾರಿಗಾಗಲಿ, ಶಾಸಕರಿಗಾಗಲಿ, ನಿಮಗಾಗಲಿ ಆ ಅಧಿಕಾರವಿಲ್ಲ. "4(ಜಿ) ಆಗಿದೆ" ಎಂದರೆ ಅಧಿಸೂಚನೆಯ ಸಂಖ್ಯೆ, ದಿನಾಂಕ ಕೇಳಿ. ನಿಮ್ಮ ಕಾಮಗಾರಿಯ ಹೆಸರು ಅದರಲ್ಲಿದೆಯೇ ನೋಡಿ. ಟೆಂಡರಿನ ಕಾಲಾವಧಿ ಕಡಿಮೆ ಮಾಡಬೇಕಾದರೂ ಮೇಲಿನ ಅಧಿಕಾರಿ ಕಾರಣ ಬರೆದು ಒಪ್ಪಿರಬೇಕು.

ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಶೇ 17.15 ಮತ್ತು ಶೇ 6.95ರಷ್ಟು ಕಾಮಗಾರಿ ಮೀಸಲಿಡುವ ತಿದ್ದುಪಡಿ 2017ರಲ್ಲಿ ಬಂದಾಗ 50 ಲಕ್ಷದವರೆಗಿನ ಕೆಲಸಕ್ಕೆ ಅನ್ವಯಿಸುತ್ತಿತ್ತು. ಆಮೇಲೆ ಆ ಮಿತಿ ಏರಿದೆ. ನಿಮ್ಮ ಟೆಂಡರು ಹೊರಡುವ ದಿನ ಜಾರಿಯಲ್ಲಿರುವ ಮಿತಿಯನ್ನು ವಿಭಾಗ ಕಚೇರಿಯಲ್ಲಿ ಕೇಳಿಕೊಳ್ಳಿ.

ಸಂಸದರ, ಶಾಸಕರ ನಿಧಿ

ಸಂಸದರಿಗೆ ವರ್ಷಕ್ಕೆ 5 ಕೋಟಿ, ಶಾಸಕರಿಗೆ 2 ಕೋಟಿ. ಇದು ಅವರ ಸ್ವಂತ ಹಣವೆಂಬಂತೆ ಭಾಷಣ ಕೇಳುತ್ತೇವೆ. ಸಂಸದರು ಶಿಫಾರಸು ಮಾಡುತ್ತಾರೆ, ಅಷ್ಟೇ. ಮಂಜೂರು ಮಾಡುವುದು, ಕೆಲಸ ಮಾಡಿಸುವುದು ಜಿಲ್ಲಾ ಆಡಳಿತದ ಹೊಣೆ. ಗುತ್ತಿಗೆದಾರನನ್ನು ಸಂಸದರು ಆರಿಸುವಂತಿಲ್ಲ. 1993ರಲ್ಲಿ ಶುರುವಾದ ಆ ಯೋಜನೆಯ ಸಿಂಧುತ್ವವನ್ನು ಭೀಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಎತ್ತಿಹಿಡಿಯಿತು. 282ನೇ ವಿಧಿಯ ‘ಸಾರ್ವಜನಿಕ ಉದ್ದೇಶ’ ಎಂಬ ಮಾತೇ ಇದಕ್ಕೆ ಆಧಾರ.

ಆ ಉದ್ದೇಶ ಮೀರಬಾರದೆಂದೇ ಮಾರ್ಗಸೂಚಿಯಲ್ಲಿ ನಿಷೇಧದ ಪಟ್ಟಿ ಇದೆ. ಧಾರ್ಮಿಕ ಪೂಜಾಸ್ಥಳದ ಒಳಗೆ ಅಥವಾ ಧಾರ್ಮಿಕ ಗುಂಪಿನ ಒಡೆತನದ ಜಾಗದಲ್ಲಿ ಕಾಮಗಾರಿ ಇಲ್ಲ. ಆಸ್ತಿಗೆ ವ್ಯಕ್ತಿಯ ಹೆಸರಿಡುವಂತಿಲ್ಲ. ಟ್ರಸ್ಟು, ಸಂಘ ನಡೆಸುವ ಕಾಲೇಜಿಗೆ ಕೊಡುವುದಾದರೆ ಶಿಫಾರಸು ಮಾಡಿದ ಸಂಸದರಾಗಲಿ ಅವರ ಮನೆಯವರಾಗಲಿ ಅದರ ಪದಾಧಿಕಾರಿ ಆಗಿರಬಾರದು. ಮಠಗಳು, ಜಾತಿ ಸಂಘಗಳು ನಡೆಸುವ ಕಾಲೇಜುಗಳು ನಮ್ಮಲ್ಲಿ ಬಹಳ. ಅವುಗಳ ಸೇವೆ ದೊಡ್ಡದು. ಆದರೆ ಅರ್ಜಿ ಹಾಕುವ ಮುಂಚೆ ಜಾಗ ಯಾರ ಹೆಸರಲ್ಲಿದೆ, ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆ ಎಂಬ ಎರಡು ಕಾಗದಗಳನ್ನು ಅವರು ತಾವೇ ಪರೀಕ್ಷಿಸಿಕೊಳ್ಳಬೇಕು.

ಮಾರ್ಚ್ ತಿಂಗಳು

"ಮಾರ್ಚ್ ಒಳಗ ಬಿಲ್ ಮಾಡಿಬಿಡ್ರಿ ಮೇಡಂ, ಕೆಲಸ ಆಮ್ಯಾಲೆ ಮುಗಸ್ತೀವಿ." ಈ ಮಾತು ಹೇಳದ ಗುತ್ತಿಗೆದಾರ ಕಡಿಮೆ. 31ಕ್ಕೆ ಅನುದಾನ ವ್ಯಪಗತವಾಗುತ್ತದೆ, ಅಂದರೆ ಖರ್ಚಾಗದ್ದು ಕೈತಪ್ಪುತ್ತದೆ ಎಂಬ ಹೆದರಿಕೆ ನಿಜ. ಆದರೆ ಕಟ್ಟಿಯೇ ಇಲ್ಲದ ಗೋಡೆಯನ್ನು ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಮಾಡಿದರೆ ಅದು ಸುಳ್ಳು ದಾಖಲೆ, ಅಪರಾಧ. ಖಜಾನೆಯಿಂದ ತೆಗೆದು ಬ್ಯಾಂಕ್ ಖಾತೆಯಲ್ಲಿಟ್ಟು ಏಪ್ರಿಲ್‌ನಲ್ಲಿ ಖರ್ಚು ಮಾಡುವುದೂ ಆಗದು. ತಕ್ಷಣ ಪಾವತಿಸಬೇಕಾದದ್ದಕ್ಕೆ ಮಾತ್ರ ಖಜಾನೆಯಿಂದ ಹಣ ತೆಗೆಯಬೇಕು. ಸರಿಯಾದ ದಾರಿ ಬೇಸರದ್ದು: ಡಿಸೆಂಬರಿನಲ್ಲೇ ಎಷ್ಟು ಖರ್ಚಾಗುವುದಿಲ್ಲವೆಂದು ಲೆಕ್ಕ ಹಾಕಿ ಇಲಾಖೆಗೆ ಬರೆದು, ಮುಂದಿನ ಬಜೆಟ್ಟಿನಲ್ಲಿ ಉಳಿದ ಮೊತ್ತ ಕೇಳುವುದು.

ಇನ್ನೊಂದು ಲೆಕ್ಕ. 1 ಕೋಟಿ ಮಂಜೂರಾದರೆ 1 ಕೋಟಿಯ ಕಟ್ಟಡ ಬರುವುದಿಲ್ಲ. 2022ರ ಜುಲೈ 18ರಿಂದ ಸರ್ಕಾರಿ ಕಟ್ಟಡ ಕಾಮಗಾರಿಗೆ ಜಿಎಸ್‌ಟಿ ಶೇ 12ರ ಬದಲು ಶೇ 18. ತೆರಿಗೆ ಸೇರಿ 1 ಕೋಟಿ ಎಂದರೆ ಕೆಲಸದ ಬೆಲೆ ಸುಮಾರು 84 ಲಕ್ಷ 75 ಸಾವಿರ. ಕೋಣೆಗಳ ಸಂಖ್ಯೆಯನ್ನು ಈ ಮೊತ್ತಕ್ಕೆ ನಿಗದಿ ಮಾಡಿ. ಬಿಲ್ಲಿನಲ್ಲಿ ಕಾರ್ಮಿಕ ಕಲ್ಯಾಣ ಸೆಸ್ ಶೇ 1, ಆದಾಯ ತೆರಿಗೆ, ಕರಾರು ಎರಡೂವರೆ ಲಕ್ಷ ಮೀರಿದ್ದರೆ ಜಿಎಸ್‌ಟಿ ಮೂಲದಲ್ಲೇ ಶೇ 2, ಕಲ್ಲು ಮರಳಿಗೆ ರಾಜಧನ, ಭದ್ರತಾ ಠೇವಣಿ ಕಡಿತವಾಗಿವೆಯೇ ನೋಡಿ. ಸೆಸ್ ಕಟ್ಟಡ ಕಾರ್ಮಿಕರ ದುಡ್ಡು. ಅದನ್ನು ಮರೆಯುವುದು ನನಗೆ ಸಹಿಸಲಾಗದ ತಪ್ಪು.

ಲೆಕ್ಕ ಒಪ್ಪಿಸುವುದು

ಕೇಂದ್ರದ ಅನುದಾನಕ್ಕೆ ಬಳಕೆ ಪ್ರಮಾಣಪತ್ರ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ, ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಹೋಗಬೇಕು. ನಿರ್ಮಾಣ ಏಜೆನ್ಸಿಗೆ ಹಣ ವರ್ಗಾಯಿಸಿದ ಕೂಡಲೇ ‘ಪೂರ್ತಿ ಬಳಕೆಯಾಗಿದೆ’ ಎಂದು ಸಹಿ ಹಾಕಬೇಡಿ. ಏಜೆನ್ಸಿಯ ಖಾತೆಯಲ್ಲಿ ಮಲಗಿರುವ ದುಡ್ಡು ಬಳಕೆಯಾದ ದುಡ್ಡಲ್ಲ. ಏಜೆನ್ಸಿಯಿಂದ ಖರ್ಚಿನ ವಿವರ ಲಿಖಿತವಾಗಿ ತರಿಸಿಕೊಳ್ಳಿ. ಆ ಹಣಕ್ಕೆ ಬಂದ ಬಡ್ಡಿ ಕೂಡ ಕೇಂದ್ರಕ್ಕೆ ಸೇರಿದ್ದು. ಬಡ್ಡಿಯಲ್ಲಿ ಪರದೆ, ಪೋಡಿಯಂ ತರುವಂತಿಲ್ಲ.

ಊರಿನವರಿಗೆ, ಪಾಲಕರಿಗೆ ಒಂದು ಮಾತು. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ ಕೇಳಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಕಾಗದವಷ್ಟೇ ಅಲ್ಲ, 2(ಜೆ) ಕಲಂ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಖಾಸಗಿ ಕಾಲೇಜು ನಡೆಯುವುದೇ ಹೆಚ್ಚಾಗಿ ಸರ್ಕಾರದ ದುಡ್ಡಿನಲ್ಲಾದರೆ ಅದೂ ಈ ಕಾಯ್ದೆಗೆ ಒಳಪಡುತ್ತದೆ ಎಂದು ಡಿಎವಿ ಕಾಲೇಜ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಒಳ್ಳೆಯ ಪ್ರಾಂಶುಪಾಲರು ಅರ್ಜಿ ಬರುವ ತನಕ ಕಾಯದೆ, ಕಾಮಗಾರಿಯ ಹೆಸರು, ಮೊತ್ತ, ಗುತ್ತಿಗೆದಾರ, ಮುಗಿಯುವ ದಿನಾಂಕವನ್ನು ಗೇಟಿನ ಹತ್ತಿರ ಫಲಕದಲ್ಲಿ ಬರೆಸುತ್ತಾರೆ.

ಕಟ್ಟಡ ಹಸ್ತಾಂತರವಾಗುವಾಗ ಕೀಲಿಗೊಂಚಲಿನ ಜೊತೆಗೆ ಪೂರ್ಣಗೊಂಡ ಪ್ರಮಾಣಪತ್ರ, ಕಟ್ಟಿದಂತಿರುವ ನಕ್ಷೆ, ವಿದ್ಯುತ್ ಸುರಕ್ಷತೆಯ ಕಾಗದ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ಇವನ್ನೂ ಕೇಳಿ ಪಡೆಯಿರಿ. ಆ ದಿನಾಂಕಕ್ಕೆ ಮುಂಚಿನ ಮಳೆಗಾಲದಲ್ಲಿ ಛಾವಣಿ ಹತ್ತಿ ನೋಡಿ; ಸೋರುತ್ತಿದ್ದರೆ ಗುತ್ತಿಗೆದಾರನ ಖರ್ಚಿನಲ್ಲೇ ಸರಿಮಾಡಿಸಲು ಅಂದೇ ವಿಭಾಗ ಕಚೇರಿಗೆ ಪತ್ರ ಬರೆಯಿರಿ, ಠೇವಣಿ ಬಿಡುಗಡೆಯಾದ ಮೇಲೆ ಯಾರೂ ಬರುವುದಿಲ್ಲ. ಕಟ್ಟಡವನ್ನು ಆಸ್ತಿ ವಹಿಯಲ್ಲಿ, ಯಾವ ಅನುದಾನದಿಂದ ಎಷ್ಟು ಎಂದು ಬರೆದು ದಾಖಲಿಸಿ. ಅನುದಾನದಲ್ಲಿ ಕಟ್ಟಿದ್ದನ್ನು ಕೊಟ್ಟವರ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲ, ಬೇರೆ ಉದ್ದೇಶಕ್ಕೆ ಕೊಡುವಂತಿಲ್ಲ. ಸಭಾಂಗಣವನ್ನು ಮದುವೆಗೆ ಕೇಳಿಕೊಂಡು ಬಂದವರಿಗೂ ಮಂಜೂರಾತಿ ಆದೇಶವನ್ನೇ ತೋರಿಸಿ.